ಮರಳುಗಾಡಿನ ಆಡಿಗೂ ಬೇಕು ಮರದ ನೆರಳು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಆಡಿಗೇನ್ ಬಿಸಿಲ್ರೀ, ಬೆಂಕ್ಯಾಗ ನಿಂದರಿಸಿದ್ರೂ ತಪ್ಪಲ ತಿಂತೈತಿ.’ ಮೊದಲನೆಯ ಮಾತು ಹೆಚ್ಚುಕಡಿಮೆ ಖರೆ. ಎರಡನೆಯದು ಖರೆ ಅಲ್ಲ. ಆ ಮಾತನ್ನು ನಂಬಿಕೊಂಡು ಏಪ್ರಿಲ್-ಮೇ ತಿಂಗಳಲ್ಲಿ ಆಡುಗಳನ್ನು ನಡುಮಧ್ಯಾಹ್ನ ಬಯಲಿನಲ್ಲಿ ಬಿಟ್ಟವರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಆಡು ಸತ್ತರೆ ಗೊತ್ತಾಗುತ್ತದೆ. ಗಬ್ಬ ನಿಲ್ಲದಿದ್ದರೆ, ಮರಿ ಸಣ್ಣದಾಗಿ ಹುಟ್ಟಿದರೆ, ತೂಕ ಇಳಿದರೆ ‘ಈ ವರ್ಷ ಬರಕತ್ತಿಲ್ಲ’ ಅಂತ ಸುಮ್ಮನಾಗುತ್ತೇವೆ.

ಜತ್ತ, ಅಕ್ಕಲಕೋಟೆಯ ಸಂತೆಗಳಲ್ಲಿ ಇದು ‘ಶೇಳಿ’. ರಾಯದುರ್ಗ, ಮಡಕಶಿರಾ ಕಡೆ ‘ಮೇಕ’. ಹೊಸೂರು, ತಾಳವಾಡಿಯಲ್ಲಿ ‘ವೆಳ್ಳಾಡು’. ಹೆಸರು ಏನೇ ಇರಲಿ, ಸಾಕುವವರು ಬಹುಮಟ್ಟಿಗೆ ಒಂದೇ ಥರದ ಜನ: ನಾಲ್ಕು ಎಕರೆ ಮಳೆಯಾಶ್ರಿತ ಹೊಲ, ಅದರ ಜೊತೆಗೆ ಹತ್ತಿಪ್ಪತ್ತು ಆಡು. ಮಳೆ ಕೈಕೊಟ್ಟ ವರ್ಷ ಮಗಳ ಮದುವೆ, ಮಗನ ಫೀಸು, ಸೊಸೈಟಿ ಸಾಲದ ಬಡ್ಡಿ ಎಲ್ಲವೂ ಆ ಹತ್ತಿಪ್ಪತ್ತರ ಮೇಲೆ ನಿಂತಿರುತ್ತವೆ. ಹೀಗಾಗಿ ಆಡು ಬಿಸಿಲನ್ನು ಹೇಗೆ ತಡೆಯುತ್ತದೆ ಎನ್ನುವುದು ಪಶುವೈದ್ಯರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಇದನ್ನು ಸರಿಯಾಗಿ ಅರಿಯಬೇಕಾದರೆ ಬಿಸಿಲಿನ ತವರಾದ ಮರಳುಗಾಡಿಗೇ ಹೋಗಬೇಕು. ನಮ್ಮ ದೇಶದಲ್ಲಿ ಆಡುಗಳು ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ರಾಜಸ್ಥಾನದಲ್ಲಿ. 2019ರ ಜಾನುವಾರು ಗಣತಿಯಲ್ಲಿ ದೇಶದ 14.89 ಕೋಟಿ ಆಡುಗಳಲ್ಲಿ 2.08 ಕೋಟಿ ಅಲ್ಲಿಯವೇ. ಆ ರಾಜ್ಯದ ಫಲೋಡಿ ಎಂಬ ಊರಲ್ಲಿ 2016ರ ಮೇ 19ರಂದು ಉಷ್ಣತೆ 51 ಡಿಗ್ರಿಗೆ ಏರಿತ್ತು. ಅಂಥ ನೆಲದಲ್ಲಿ ಕರಿಯ ಬಣ್ಣದ, ಉದ್ದ ಒರಟು ಕೂದಲಿನ ಮಾರವಾಡಿ ತಳಿಯ ಆಡುಗಳು ತಲೆತಲಾಂತರದಿಂದ ಬಾಳಿವೆ. ಹಾಗಾದರೆ ಆ ಆಡುಗಳಿಗೆ ಬಿಸಿಲು ತಾಗುವುದಿಲ್ಲವೇ? ತಾಗುತ್ತದೆ. ಅಲ್ಲಿಯ ಜನ ಅದನ್ನು ಬಲ್ಲರು. ನೆರಳನ್ನು ಅವರು ಮೇವಿನ ಹಾಗೆಯೇ ಎಣಿಸುತ್ತಾರೆ, ಮೇವಿನ ಹಾಗೆಯೇ ಕಾಪಾಡುತ್ತಾರೆ.

ಥರ್ಮಾಮೀಟರು ಹೇಳದ ಮಾತು

ರೇಡಿಯೋದಲ್ಲಿ ‘ಇಂದು ಗರಿಷ್ಠ ಉಷ್ಣತೆ 42 ಡಿಗ್ರಿ’ ಅಂತ ಕೇಳುತ್ತೇವೆ. ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಇಟ್ಟು ನೋಡುತ್ತಾರೆ. ಪೆಟ್ಟಿಗೆಯ ಹೊರಗೆ ಬಯಲಲ್ಲಿ ನಿಂತ ಆಡಿಗೆ ಆ 42 ಡಿಗ್ರಿ ಗಾಳಿಯ ಮೇಲೆ ಇನ್ನೂ ಮೂರು ಕಡೆಯಿಂದ ಕಾವು ಬರುತ್ತದೆ. ನೆತ್ತಿಯ ಮೇಲಿನ ಸೂರ್ಯ ಒಂದು. ಬಿಳಿಚಿಕೊಂಡ ಮಣ್ಣು ವಾಪಸ್ ಎಸೆಯುವ ಬೆಳಕು ಎರಡು. ಕಾದ ಹಂಚಿನಂತಾದ ನೆಲದಿಂದ ಹೊಟ್ಟೆಗೆ ಹೊಡೆಯುವ ಝಳ ಮೂರು. ಮರಳಿನ ಮೇಲ್ಮೈ ನಡುಮಧ್ಯಾಹ್ನ 60 ಡಿಗ್ರಿ ದಾಟುವುದು ಅಪರೂಪವೇನಲ್ಲ.

ನೆತ್ತಿ ಸೂರ್ಯನ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟಿನಷ್ಟು ಬೀಳುತ್ತದೆ. ಮನೆಯ ಕರೆಂಟಿನ ಇಸ್ತ್ರಿಪೆಟ್ಟಿಗೆಯೂ ಅಷ್ಟೇ ಕಾವಿನದು. ನೆರಳು ಮಾಡುವ ಉಪಕಾರ ಇಲ್ಲಿದೆ. ಅದು ಗಾಳಿಯನ್ನು ತಂಪು ಮಾಡುವುದಿಲ್ಲ, ಮರದ ಕೆಳಗೂ ಗಾಳಿ ಹತ್ತಿರ ಹತ್ತಿರ ಅದೇ 42 ಡಿಗ್ರಿ. ಆದರೆ ಮೈಮೇಲೆ ಬೀಳುವ ಬಿಸಿಲಿನ ಭಾರ ಮೂರನೇ ಒಂದು ಪಾಲಿನಷ್ಟು, ಒಳ್ಳೆಯ ನೆರಳಾದರೆ ಅರ್ಧದವರೆಗೂ ಇಳಿಯುತ್ತದೆ. ಒಂದು ಪೈಸೆಯ ಕರೆಂಟಿಲ್ಲ, ಒಂದು ಹನಿ ನೀರಿಲ್ಲ.

ಗಾಳಿಯ ಬಿಸಿ ಮೈಯ ಬಿಸಿಗಿಂತ ಹೆಚ್ಚಾದಾಗ ಪ್ರಾಣಿಗೆ ಉಳಿಯುವ ದಾರಿ ಒಂದೇ, ನೀರನ್ನು ಆವಿ ಮಾಡಿ ಮೈ ತಣಿಸಿಕೊಳ್ಳುವುದು. ಆಡು ಬೆವರುತ್ತದೆ, ಅದಕ್ಕಿಂತ ಹೆಚ್ಚಾಗಿ ತೇಕುತ್ತದೆ. ಎರಡಕ್ಕೂ ನೀರು ಬೇಕು. ಅಂದರೆ ಬಿಸಿಲಿನ ಲೆಕ್ಕ ಕೊನೆಗೆ ನೀರಿನ ಲೆಕ್ಕವೇ. ಮರಳುಗಾಡಿನವರಿಗೆ ನೆರಳು ಯಾಕೆ ಅಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ನೆರಳಲ್ಲಿ ನಿಂತ ಆಡು ಕಡಿಮೆ ನೀರು ಕೇಳುತ್ತದೆ, ಅಲ್ಲಿ ನೀರೇ ದುಬಾರಿ.

ಕರಿಯ ಆಡಿನ ಒಗಟು

ಮರಳುಗಾಡಿನಲ್ಲಿ ಕರಿಯ ಆಡುಗಳೇ ಯಾಕೆ ಹೆಚ್ಚು ಎಂಬ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿತ್ತು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಬೆಡೂಯಿನ್ ಎಂಬ ಅರಬ್ ಅಲೆಮಾರಿಗಳು ಸಾಕುವ ಆಡುಗಳು ಅಚ್ಚ ಕಪ್ಪು. 1980ರಲ್ಲಿ ಪ್ರಕಟವಾದ ಅಳತೆಗಳು ಒಂದು ಸಂಗತಿಯನ್ನು ಸ್ಪಷ್ಟ ಮಾಡಿದವು. ಬೇಸಿಗೆಯ ಬಿಸಿಲಲ್ಲಿ ಕರಿಯ ಆಡು ತಿಳಿ ಬಣ್ಣದ ಆಡಿಗಿಂತ ಹೆಚ್ಚು ಕಾವನ್ನು ಹೀರುತ್ತದೆ, ಅದನ್ನು ಹೊರಹಾಕಲು ಹೆಚ್ಚು ನೀರನ್ನು ಖರ್ಚು ಮಾಡುತ್ತದೆ. ಲಾಭ ಸಿಗುವುದು ಚಳಿಗಾಲದಲ್ಲಿ. ಮೇವು ಕಡಿಮೆ ಇರುವ ಕೊರೆಯುವ ಬೆಳಗಿನಲ್ಲಿ ಕರಿ ಮೈ ಬಿಸಿಲು ಕಾಯಿಸಿಕೊಂಡರೆ ಅಷ್ಟು ಮೇವು ಉಳಿಯಿತು.

ಆ ಆಡು ಎರಡರಿಂದ ನಾಲ್ಕು ದಿನಕ್ಕೊಮ್ಮೆ ನೀರು ಕುಡಿದು ಬದುಕಬಲ್ಲದು. ಮೈತೂಕದ ನಾಲ್ಕನೇ ಒಂದು ಪಾಲಿನಷ್ಟು ನೀರು ಕಳೆದುಕೊಂಡರೂ ಬಾವಿಗೆ ಬಂದು ಕೆಲವೇ ನಿಮಿಷಗಳಲ್ಲಿ ಅಷ್ಟನ್ನೂ ಕುಡಿದುಬಿಡುತ್ತದೆ. ಕುಡಿದ ನೀರನ್ನು ದೊಡ್ಡ ಹೊಟ್ಟೆಯಲ್ಲಿ ತೊಟ್ಟಿಯಂತೆ ಕೂಡಿಟ್ಟು ಸಾವಕಾಶ ರಕ್ತಕ್ಕೆ ಬಿಡುತ್ತದೆ. ಇದು ಸಾವಿರಾರು ವರ್ಷ ಆ ನೆಲದಲ್ಲಿ ಪಳಗಿದ ತಳಿಯ ಗುಣ. ನಮ್ಮ ಆಡುಗಳ ಮೇಲೆ ಈ ಪರೀಕ್ಷೆ ಮಾಡಬೇಡಿ. ದಿನವಿಡೀ ಬಾಯಾರಿಸಿ ಸಂಜೆ ಬಕೆಟ್‌ಗಟ್ಟಲೆ ಒಮ್ಮೆಗೇ ಕುಡಿಸುವುದು ಅಪಾಯ.

ಈ ಮಾತು ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಮುಖ್ಯ. ಅಲ್ಲಿ ಹೆಚ್ಚಾಗಿ ಸಾಕುವ ಉಸ್ಮಾನಾಬಾದಿ ತಳಿಯಲ್ಲಿ ಬಹುಪಾಲು ಆಡುಗಳು ಕಪ್ಪು. ಜಿಲ್ಲೆಯ ಹೆಸರು ಧಾರಾಶಿವ ಆದರೂ ತಳಿಯ ಹೆಸರು ಬದಲಾಗಿಲ್ಲ, ಮೈಬಣ್ಣವೂ ಬದಲಾಗಿಲ್ಲ. ಕಪ್ಪು ಆಡು ಗಟ್ಟಿ ಎನ್ನುವುದು ಸರಿ. ಆದರೆ ಬಿಳಿ ಆಡಿಗಿಂತ ಮೊದಲು ನೆರಳು ಬೇಕಾಗುವುದು ಅದಕ್ಕೇ.

ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಆಡಿನ ಸಂಶೋಧನೆ ಆಡುಗೋಡಿಯಲ್ಲೇ ನಡೆಯಿತು ಅಂದರೆ ನಗು ಬರಬಹುದು, ಆದರೆ ಸಂಗತಿ ನಿಜ. ಅಲ್ಲಿ ಉಸ್ಮಾನಾಬಾದಿ, ಮಲಬಾರಿ, ಸೇಲಂ ಕಪ್ಪು ಎಂಬ ಮೂರು ತಳಿಗಳ ಆಡುಗಳಲ್ಲಿ ಅರ್ಧವನ್ನು ಕೊಟ್ಟಿಗೆಯ ನೆರಳಲ್ಲಿಟ್ಟರು, ಉಳಿದರ್ಧವನ್ನು ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಿಗೆ ಬಿಟ್ಟರು. ಬಿಸಿಲಲ್ಲಿದ್ದವು ಮಧ್ಯಾಹ್ನ ಹೆಚ್ಚು ತೇಕಿದವು, ಹೆಚ್ಚು ನೀರು ಕುಡಿದವು. ಮೂರರಲ್ಲಿ ಸೇಲಂ ಕಪ್ಪು ತಳಿ ಬಿಸಿಲನ್ನು ಚೆನ್ನಾಗಿ ತಡೆಯಿತು. ಹೊಸೂರು ಕಡೆಯ ಓದುಗರು ಇದನ್ನು ಗಮನಿಸಬಹುದು, ಆ ತಳಿಯ ಸೀಮೆ ಅವರಿಗೆ ದೂರವೇನಲ್ಲ.

ಮೈಯೊಳಗೆ ಏನಾಗುತ್ತದೆ

ಆಡಿನ ಮೈಬಿಸಿ ಸಾಮಾನ್ಯವಾಗಿ 38.5ರಿಂದ 39.5 ಡಿಗ್ರಿ. ತಂಪು ಹೊತ್ತಲ್ಲಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ. ಕಾವು ಏರಿದ ಹಾಗೆ ಉಸಿರು ಏರುತ್ತದೆ. ಇದನ್ನು ನೋಡಲು ಡಾಕ್ಟರ್ ಬೇಕಿಲ್ಲ. ಆಡಿನ ಪಕ್ಕೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 40ರಿಂದ 60 ಬಂದರೆ ಬಿಸಿಲು ತಾಗಲು ಶುರುವಾಗಿದೆ. 80 ದಾಟಿದರೆ ಜೋರಾಗಿಯೇ ತಾಗಿದೆ. ಬಾಯಿ ತೆರೆದು ನಾಲಗೆ ಹೊರಹಾಕಿ ಜೊಲ್ಲು ಸುರಿಸುತ್ತಿದ್ದರೆ ಇನ್ನು ಎಣಿಸುತ್ತ ಕೂಡಬೇಡಿ. ನೆರಳಿಗೆ ತನ್ನಿ, ಕಾಲು, ಹೊಟ್ಟೆಯ ಕೆಳಭಾಗ ನೀರಿನಿಂದ ತೋಯಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿ. ಮೈಬಿಸಿ 41 ಡಿಗ್ರಿ ದಾಟಿದರೆ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ.

ತೇಕುವ ಆಡು ಮೆಲುಕು ಹಾಕುವುದಿಲ್ಲ. ಮೆಲುಕು ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಅದಕ್ಕೆ ಇದು ಗೊತ್ತು, ಹಾಗಾಗಿ ತಾನೇ ಮೇವು ಬಿಡುತ್ತದೆ. ಮೇವು ಅರಗುವಾಗಲೂ ಹೊಟ್ಟೆಯೊಳಗೆ ಕಾವು ಹುಟ್ಟುತ್ತದೆ, ಒಣ ದಂಟು, ಹೊಟ್ಟಿನಂಥ ಒರಟು ಮೇವಿನಿಂದ ಇನ್ನೂ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ಹೊಟ್ಟೆತುಂಬ ಒಣಮೇವು ಹಾಕಿದರೆ ಆ ಕಾವು ಸರಿಯಾಗಿ ನಡುಮಧ್ಯಾಹ್ನಕ್ಕೆ ಹೊರಬರುತ್ತದೆ. ಒಣಮೇವನ್ನು ಸಂಜೆಗೆ ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕೇ.

ಹೋತದ ವಿಷಯದಲ್ಲಿ ಪೆಟ್ಟು ತಡವಾಗಿ ಕಾಣುತ್ತದೆ. ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಏಪ್ರಿಲ್ ಕೊನೆಯಲ್ಲಿ ಬಿಸಿಲು ಬಡಿದ ಹೋತ ಮೇ, ಜೂನ್‌ನಲ್ಲಿ ನೋಡಲು ಗಟ್ಟಿಮುಟ್ಟಾಗಿ ಇರುತ್ತದೆ, ಹಾರುತ್ತದೆ, ಆದರೆ ಗಬ್ಬ ಕಟ್ಟುವುದಿಲ್ಲ. ಮುಂಗಾರಿನ ಹೊತ್ತಿಗೆ ಬೆದೆಗೆ ಬಂದ ಹತ್ತು ಆಡುಗಳಲ್ಲಿ ನಾಲ್ಕು ಖಾಲಿ ಉಳಿದರೆ ಆಡನ್ನು ಬೈಯುತ್ತೇವೆ. ಇಡೀ ಹಿಂಡಿಗೆ ನೆರಳು ಮಾಡಲು ಆಗದವರು ಕಡೇಪಕ್ಷ ಹೋತ ಮತ್ತು ಗಬ್ಬದ ಆಡುಗಳನ್ನಾದರೂ ನೆರಳಲ್ಲಿ ಕಟ್ಟಬೇಕು. ಗಬ್ಬದ ಆಡಿಗೆ ಬಿಸಿಲು ಬಡಿದರೆ ಮರಿಗೆ ಹೋಗಬೇಕಾದ ರಕ್ತ ಚರ್ಮದ ಕಡೆ ಹರಿಯುತ್ತದೆ. ಹುಟ್ಟುವ ಮರಿ ಹಗುರ, ಹಗುರ ಮರಿ ಬದುಕುವುದು ಕಷ್ಟ.

ಬನ್ನಿ ಮರದ ಪಂಚಾಂಗ

ಈಗ ಮತ್ತೆ ರಾಜಸ್ಥಾನಕ್ಕೆ ಬರೋಣ. ಅಲ್ಲಿಯವರು ‘ಖೇಜಡಿ’ ಅನ್ನುವ ಮರ ನಮಗೆ ಹೊಸದಲ್ಲ. ಅದೇ ನಮ್ಮ ಬನ್ನಿ. ದಸರೆಯ ದಿನ ಎಲೆ ಹಂಚಿ ‘ಬಂಗಾರದ್ಹಂಗ ಇರೋಣು’ ಅನ್ನುತ್ತೇವಲ್ಲ, ಅದೇ ಮರ. ತೆಲುಗಿನಲ್ಲಿ ಜಮ್ಮಿ, ಮರಾಠಿಯಲ್ಲಿ ಶಮಿ. 1983ರಲ್ಲಿ ಇದು ರಾಜಸ್ಥಾನದ ರಾಜ್ಯವೃಕ್ಷವಾಯಿತು. ತೆಲಂಗಾಣವೂ ಇದನ್ನೇ ತನ್ನ ರಾಜ್ಯವೃಕ್ಷ ಮಾಡಿಕೊಂಡಿದೆ. ನಾವು ವರ್ಷಕ್ಕೊಂದು ದಿನ ಪೂಜೆ ಮಾಡಿ ಮರೆಯುವ ಮರವನ್ನು ಅವರು ವರ್ಷಪೂರ್ತಿ ಹೊಲದ ನಡುವೆ ಇಟ್ಟುಕೊಂಡು ಬಾಳುತ್ತಾರೆ. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿಯುವುದರಿಂದ ಸಜ್ಜೆಯ ಪಾಲಿನ ನೀರಿಗೆ ಅದು ಕೈಹಾಕುವುದು ಕಡಿಮೆ. ಮರದ ಕೆಳಗಿನ ಸಜ್ಜೆ ಬಯಲಿನ ಸಜ್ಜೆಗಿಂತ ಚೆನ್ನಾಗಿಯೇ ಬರುತ್ತದೆ.

ಗಮನಿಸಬೇಕಾದ್ದು ಅವರು ಸೊಪ್ಪು ಕಡಿಯುವ ಕಾಲ. ಖೇಜಡಿಯ ಕೊಂಬೆ ಸವರುವುದು ಚಳಿಗಾಲದಲ್ಲಿ, ನವೆಂಬರ್-ಡಿಸೆಂಬರ್ ಹೊತ್ತಿಗೆ. ಆಗ ಮರ ಬೋಳಾಗುವಂತೆ ಸವರಿ, ಎಲೆಯನ್ನು ಒಣಗಿಸಿ ಕೂಡಿಡುತ್ತಾರೆ. ಒಣಗಿದ ಎಲೆಗೆ ‘ಲೂಂಗ್’ ಎಂದು ಹೆಸರು. ಬೇಸಿಗೆಯಲ್ಲಿ ಆಡು, ಒಂಟೆ, ಕುರಿಗೆ ಇದೇ ಆಧಾರ. ಇತ್ತ ಬೋಳು ಮರ ಮಾರ್ಚ್ ಹೊತ್ತಿಗೆ ಚಿಗುರಿ, ಸುತ್ತಲಿನ ಬಯಲೆಲ್ಲ ಸುಟ್ಟುಹೋದ ಮೇ ತಿಂಗಳಲ್ಲಿ ಹಸಿರು ಕೊಡೆ ಹಿಡಿದು ನಿಲ್ಲುತ್ತದೆ. ಅಷ್ಟರಲ್ಲಿ ‘ಸಾಂಗ್ರಿ’ ಎಂಬ ಕಾಯಿಯೂ ಬಂದಿರುತ್ತದೆ, ಅದು ಮನುಷ್ಯರಿಗೆ ಪಲ್ಯ. ಚಳಿಗಾಲದಲ್ಲಿ ಆಡಿಗೆ ಬಿಸಿಲೇ ಹಿತ, ಆಗ ಮರ ಬೋಳು. ಬೇಸಿಗೆಯಲ್ಲಿ ನೆರಳು ಹಿತ, ಆಗ ಮರ ತುಂಬು. ಮರ ಮತ್ತು ಆಡು ಎರಡರ ಪಂಚಾಂಗವನ್ನೂ ಹೀಗೆ ಕೂಡಿಸಿಟ್ಟವರು ಯಾವ ಕಾಲೇಜಿಗೂ ಹೋಗಿರಲಿಲ್ಲ. ಜೋಧಪುರದಲ್ಲಿ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಅಂದರೆ ‘ಕಾಜ್ರಿ’, ರೂಪುಗೊಂಡದ್ದೇ 1959ರಲ್ಲಿ.

ಈ ಮರಕ್ಕಾಗಿ ಪ್ರಾಣ ಕೊಟ್ಟವರೂ ಉಂಟು. 1730ರಲ್ಲಿ ಜೋಧಪುರದ ಮಹಾರಾಜನ ಆಳುಗಳು ಅರಮನೆಯ ಸುಣ್ಣದ ಗೂಡಿಗೆ ಸೌದೆ ತರಲು ಖೇಜಡ್ಲಿ ಎಂಬ ಹಳ್ಳಿಗೆ ಬಂದಾಗ ಬಿಷ್ಣೋಯಿ ಪಂಥದ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ 363 ಜನ ಪ್ರಾಣ ಬಿಟ್ಟರು ಎಂದು ಬಿಷ್ಣೋಯಿಗಳು ನೆನೆಯುತ್ತಾರೆ.

ಇನ್ನೊಂದು ವ್ಯವಸ್ಥೆ ‘ಓರಣ’. ನಮ್ಮ ದೇವರ ಕಾಡಿನಂಥದೇ. ಊರದೇವತೆಯ ಹೆಸರಲ್ಲಿ ಬಿಟ್ಟ ನೆಲ. ದನಕರು, ಆಡು ಮೇಯಬಹುದು, ಮರಕ್ಕೆ ಕೊಡಲಿ ಹಾಕುವಂತಿಲ್ಲ. ನಡುವೆ ಸಾಮಾನ್ಯವಾಗಿ ಒಂದು ಕುಂಟೆ. ಆಡಿನವರು ನಸುಕಿನಲ್ಲೇ ಹಿಂಡು ಹೊಡೆದುಕೊಂಡು ಹೊರಟು, ಬಿಸಿಲೇರುವ ಹೊತ್ತಿಗೆ ನೀರಿನ ಬಳಿಯ ಮರಗಳಡಿ ಸೇರುತ್ತಾರೆ. ಇಳಿಹೊತ್ತಿಗೆ ಮತ್ತೆ ಮೇವು. ನೀರು ಒಂದು ಕಡೆ, ನೆರಳು ಇನ್ನೊಂದು ಕಡೆ ಇದ್ದರೆ ಈ ಪದ್ಧತಿ ನಡೆಯುವುದಿಲ್ಲ. ನೆರಳಿಂದ ನೀರಿಗೆ ಹೋಗಿಬರುವ ನಡಿಗೆಯಲ್ಲೇ ಗಳಿಸಿದ್ದೆಲ್ಲ ಖರ್ಚಾಗುತ್ತದೆ.

ಅಲ್ಲೂ ಎಲ್ಲ ನೆಟ್ಟಗಿದೆ ಎಂದು ತಿಳಿಯಬೇಡಿ. ಟ್ರ್ಯಾಕ್ಟರು ಬಂದ ಮೇಲೆ ಬೇರಿಗೆ ಪೆಟ್ಟಾಗಿ, ಹುಳು ಮತ್ತು ಬೇರು ಕೊಳೆಯುವ ರೋಗ ತಗಲಿ ಹಳೆಯ ಖೇಜಡಿಗಳು ಒಣಗುತ್ತಿವೆ. ಬಿಕಾನೇರ್ ಕಡೆ ಸೋಲಾರ್ ಘಟಕಗಳಿಗಾಗಿ ಈ ಮರಗಳನ್ನು ಕಡಿಯುವುದರ ವಿರುದ್ಧ 2024ರಿಂದ ಜನ ಧರಣಿ ಕೂತಿದ್ದುಂಟು.

ನಮ್ಮ ದೋಟಿ ಏಳುವುದು ಏಪ್ರಿಲಿನಲ್ಲಿ

ರಾಯದುರ್ಗ ಸೀಮೆಯವರಿಗೆ ಮರಳುಗಾಡು ದೂರದ ಮಾತಲ್ಲ. ಹಗರಿಯ ದಂಡೆಯಲ್ಲಿ ಬೊಮ್ಮನಹಾಳ, ಕಣೇಕಲ್ಲು ಕಡೆ ಹೊಳೆಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬ ಕಟ್ಟಿದೆ. ಜೈಸಲ್ಮೇರ್ ಬಿಟ್ಟರೆ ಮಳೆ ಕಡಿಮೆ ಬೀಳುವ ಜಿಲ್ಲೆ ಅನಂತಪುರವೇ ಎಂದು ಅಲ್ಲಿಯವರು ಬೇಸರದಿಂದ ಹೇಳುವುದುಂಟು. ಜತ್ತದ ಪೂರ್ವದ ಹಳ್ಳಿಗಳೂ ಮಡಕಶಿರಾದ ಕಲ್ಲುಗುಡ್ಡಗಳೂ ಬೇಸಿಗೆಯಲ್ಲಿ ಅದಕ್ಕಿಂತ ತಂಪೇನಲ್ಲ.

ನಮ್ಮಲ್ಲಿ ನಡೆಯುವುದು ರಾಜಸ್ಥಾನದ ಪದ್ಧತಿಗೆ ತಿರುಗಮುರುಗ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಮೇವು ಇರುವವರೆಗೆ ಮರದ ಕಡೆ ಯಾರೂ ನೋಡುವುದಿಲ್ಲ. ಏಪ್ರಿಲ್‌ನಲ್ಲಿ ನೆಲ ಬೋಳಾದಾಗ ದೋಟಿ ಏಳುತ್ತದೆ. ಬೇವು, ಬಸರಿ, ಬನ್ನಿ, ಜಾಲಿ, ಬಾರಿ ಎಲ್ಲದರ ಕೊಂಬೆ ನೆಲಕ್ಕೆ. ಆಡಿಗೆ ಒಂದು ಹೊತ್ತು ಹೊಟ್ಟೆ ತುಂಬುತ್ತದೆ, ಮರ ಮಾತ್ರ ಮೇ ತಿಂಗಳೆಲ್ಲ ಕೈಕಾಲು ಕಡಿದವರ ಹಾಗೆ ನಿಂತಿರುತ್ತದೆ. ಹಾಗೆ ಕಡಿದ ಮರದ ಬುಡದಲ್ಲೇ ಆಡುಗಳು ಒಂದು ಗೇಣು ನೆರಳಿಗೆ ಒಂದನ್ನೊಂದು ತಿವಿಯುತ್ತ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಒಂದು ದಿನದ ಸೊಪ್ಪಿಗಾಗಿ ಎರಡು ತಿಂಗಳ ನೆರಳನ್ನು ಮಾರಿದ ಹಾಗೆ.

‘ಹಂಗಾದ್ರ ಬ್ಯಾಸಿಗ್ಯಾಗ ಆಡಿಗೇನ್ ಹಾಕೂಣು?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಉತ್ತರ ಡಿಸೆಂಬರಿನಲ್ಲಿದೆ. ಬನ್ನಿ, ಜಾಲಿ, ಸುಬಾಬುಲ್‌ಗಳ ಸೊಪ್ಪನ್ನು ಆಗಲೇ ಸವರಿ ನೆರಳಲ್ಲಿ ಒಣಗಿಸಿ ಚೀಲ ತುಂಬಿಡಬಹುದು. ಸುಬಾಬುಲ್ ಮಾತ್ರ ಒಂದೇ ಹಾಕಬಾರದು, ಮೇವಿನಲ್ಲಿ ಮೂರನೇ ಒಂದು ಪಾಲು ಮೀರದಂತೆ ಬೆರೆಸಬೇಕು. ಶೇಂಗಾ ಹೊಟ್ಟು, ತೊಗರಿ ಹೊಟ್ಟನ್ನು ಸುಗ್ಗಿಯಲ್ಲೇ ಮಾರಿಬಿಡದೆ ಉಳಿಸಿಕೊಂಡವರಿಗೆ ಏಪ್ರಿಲಿನಲ್ಲಿ ದೋಟಿ ಎತ್ತುವ ಪ್ರಸಂಗವೇ ಕಡಿಮೆ. ಬೇಸಿಗೆಯಲ್ಲಿ ಸವರಲೇಬೇಕಾದರೆ ಹೊಲದಂಚಿನ ಮರಗಳನ್ನು ಸವರಿ, ಆಡು ಕೂರುವ ಜಾಗದ ಮರಗಳನ್ನು ಬಿಡಿ. ಬಿಟ್ಟ ಮರದಲ್ಲೂ ಪಡುವಣ ಕಡೆಯ ಕೊಂಬೆ ಮುಟ್ಟಬೇಡಿ, ಮಧ್ಯಾಹ್ನದ ಬಿಸಿಲನ್ನು ತಡೆಯುವುದು ಅವೇ.

ತಗಡಿನ ಕೊಟ್ಟಿಗೆ: ಮೇಲೊಂದು ಒಲೆ

ಮರ ಇಲ್ಲದವರು ತಗಡು ಹಾಕುತ್ತಾರೆ. ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಕೊಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ: ಏಳು ಅಡಿ ಎತ್ತರ, ಮೂರು ಕಡೆ ಗೋಡೆ, ಮೇಲೆ ಪತ್ರಾಸ. ಮಳೆಗೆ ಇದು ಸರಿ. ಬೇಸಿಗೆಯಲ್ಲಿ ಮಾತ್ರ ಆಡಿನ ಬೆನ್ನಿನಿಂದ ನಾಲ್ಕೈದು ಅಡಿ ಮೇಲೆ ಒಲೆ ಹೊತ್ತಿಸಿದಂತೆ. ಕಾದ ತಗಡು ತಾನೇ ಕೆಳಗೆ ಝಳ ಬಿಡುತ್ತದೆ, ಗೋಡೆ ಗಾಳಿಯನ್ನು ತಡೆಯುತ್ತದೆ. ಬಾಗಿಲು ತೆಗೆದರೆ ಆಡು ಹೊರಗೆ ಗೋಡೆಯ ನೆರಳಿಗೆ ಓಡಿಹೋಗುತ್ತದೆ. ಮಾಲೀಕನಿಗಿಂತ ಅದಕ್ಕೇ ಚೆನ್ನಾಗಿ ಗೊತ್ತು.

ಕಟ್ಟಿದ್ದನ್ನು ಕೆಡವಬೇಕಿಲ್ಲ. ತಗಡಿನ ಮೇಲೆ ನಾಲ್ಕಾರು ಅಂಗುಲ ದಪ್ಪ ಜೋಳದ ಕಣಿಕೆ, ಸಜ್ಜೆ ದಂಟು ಅಥವಾ ತೆಂಗಿನ ಗರಿ ಹಾಸಿ ಹಗ್ಗ ಬಿಗಿದರೆ ಕೆಳಗಿನ ಝಳ ನಿಂತುಹೋಗುತ್ತದೆ. ಅದೂ ಆಗದಿದ್ದರೆ ಬೇಸಿಗೆಗೆ ಮುಂಚೆ ಮೇಲ್ಮೈಗೆ ಸುಣ್ಣ ಬಳಿಯಿರಿ. ರಾಜಸ್ಥಾನದಲ್ಲಿ ಖೀಂಪ್ ಎಂಬ ಎಲೆಯಿಲ್ಲದ ಪೊದೆಯ ಕಡ್ಡಿಗಳಿಂದ ಚಾವಣಿ ಹೊದಿಸುತ್ತಾರೆ, ತತ್ವ ಇದೇ.

ಹೊಸದಾಗಿ ಚಪ್ಪರ ಹಾಕುವವರು ಎತ್ತರ ಹತ್ತು ಅಡಿಗೆ ಕಡಿಮೆ ಮಾಡಬಾರದು. ಉದ್ದ ಪೂರ್ವ-ಪಶ್ಚಿಮವಾಗಿರಲಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ನಡುನೆತ್ತಿಯ ಮೇಲೇ ಹಾದುಹೋಗುತ್ತಾನೆ. ಹತ್ತು ಅಡಿ ಎತ್ತರದ ಚಪ್ಪರದ ನೆರಳು ಮಧ್ಯಾಹ್ನ ಮೂರಕ್ಕೆ ಹತ್ತಿರ ಹತ್ತಿರ ಹತ್ತು ಅಡಿ ಪೂರ್ವಕ್ಕೆ ಸರಿಯುತ್ತದೆ. ಚಪ್ಪರ ಉದ್ದಕ್ಕೆ ಇಪ್ಪತ್ತು ಅಡಿ ಇದ್ದರೆ ಆಗಲೂ ಅರ್ಧ ನೆರಳು ಕೆಳಗೇ ಇರುತ್ತದೆ. ಅಡ್ಡಡ್ಡ ಕಟ್ಟಿದರೆ ನೆರಳೆಲ್ಲ ಹೊರಗೆ. ಹೇಗೇ ಕಟ್ಟಲಿ, ಪೂರ್ವ ದಿಕ್ಕಿಗೆ ಜಾಗ ಖಾಲಿ ಬಿಟ್ಟು ನೀರಿನ ತೊಟ್ಟಿಯನ್ನು ಅಲ್ಲೇ ಇಡಿ. ಒಂದು ದೊಡ್ಡ ಆಡಿಗೆ ಕೂರಲು ಒಂದೂವರೆ ಚದರ ಮೀಟರ್ ಹಿಡಿದರೆ ಇಪ್ಪತ್ತು ಆಡಿಗೆ ಹದಿನೈದು-ಇಪ್ಪತ್ತು ಅಡಿಯ ಚಪ್ಪರ ಸಾಕು. ಬಿಸಿಗಾಳಿ ಬೀಸುವ ಪಡುವಣಕ್ಕೆ ಗೋಣಿತಾಟಿನ ಪರದೆ ಇಳಿಬಿಟ್ಟು ನೀರು ಚಿಮುಕಿಸಿದರೆ ಒಳಗೆ ತಂಪು. ಆದರೆ ಈ ಉಪಾಯ ಒಣಹವೆಯ ಊರುಗಳಿಗೆ ಮಾತ್ರ. ಕಾಸರಗೋಡಿನವರು, ಗೋವೆಯವರು ಇದನ್ನು ಮಾಡಬಾರದು. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಆಡಿನ ಬೆವರು ಆರುವುದಿಲ್ಲ. ಅವರಿಗೆ ಬೇಕಾದ್ದು ನಾಲ್ಕೂ ಕಡೆ ತೆರೆದ, ನೆಲದಿಂದ ಎತ್ತರಿಸಿದ ಅಟ್ಟಣಿಗೆಯ ಗೂಡು.

ಕುರಿ ಸಾಕುವವರಿಗೆ ಒಂದು ಮಾತು. ಬಿಸಿಲೇರಿದಾಗ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟುತ್ತವೆ. ಅದು ನೆರಳು ಹುಡುಕುವ ರೀತಿಯೇ, ಆದರೆ ಗುಂಪಿನೊಳಗೆ ಗಾಳಿ ಆಡುವುದಿಲ್ಲ. ಆಡು ಹಾಗೆ ಮಾಡುವುದು ಕಡಿಮೆ, ತನ್ನ ಪಾಡಿಗೆ ತಾನು ನೆರಳು ನೋಡಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಸಾಕುವವರು ಚಪ್ಪರದ ಜಾಗವನ್ನು ಧಾರಾಳವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಂತೆಯ ಬಯಲು

ಸಾಕುವವನ ತಪ್ಪನ್ನೇ ಎಣಿಸುತ್ತ ಕೂತರೆ ವ್ಯಾಪಾರಿಗಳು ತಪ್ಪಿಸಿಕೊಂಡುಬಿಡುತ್ತಾರೆ. ಗಡಿಭಾಗದ ಜಾನುವಾರು ಸಂತೆಗಳಲ್ಲಿ ನಸುಕಿಗೆ ಬಂದ ಆಡು ಒಂದು ಗಂಟೆಯವರೆಗೂ ಬಯಲಲ್ಲಿ ಕಟ್ಟಿರುತ್ತದೆ. ಶುಲ್ಕದ ಚೀಟಿ ಹರಿಯುವವರು ತಪ್ಪದೆ ಬರುತ್ತಾರೆ, ನೀರಿನ ತೊಟ್ಟಿ ಒಣಗಿರುತ್ತದೆ, ಮರವಿದ್ದಲ್ಲಿ ಚಹದಂಗಡಿ ಕೂತಿರುತ್ತದೆ.

‘ಯಾಕೋ ತಮ್ಮಾ, ಹೋತ ಬಾಳ ಸೊರಗೈತಲ್ಲ?’
‘ಮುಂಜಾನಿ ಹಿಂಗಿರಲಿಲ್ಲ ಕಾಕಾ, ಬಿಸಲಿಗೆ ಹಂಗ ಕಾಣ್ತೈತಿ.’
‘ಕಾಣೂದಕ್ಕ ರೊಕ್ಕ ಕೊಡಾಕ ಬರ್ತೈತೇನು?’

ಇಂಥ ಮಾತು ಯಾವ ಸಂತೆಯಲ್ಲಾದರೂ ಕಿವಿಗೆ ಬೀಳುವಂಥದೇ. ಇದರಲ್ಲಿ ಇಬ್ಬರಿಗೂ ನಷ್ಟ. 25 ಕಿಲೋ ಹೋತ ನೀರಿಲ್ಲದೆ ಬಿಸಿಲಲ್ಲಿ ನಿಂತು ನೂರಕ್ಕೆ ಐದರಷ್ಟು ಇಳಿದರೂ ಒಂದೂಕಾಲು ಕಿಲೋ ಹೋಯಿತು. ನೂರು ಹೋತ ಕೊಂಡ ವ್ಯಾಪಾರಿಗೆ ಅದು 125 ಕಿಲೋ, ಅಂದರೆ ಐದು ಹೋತದ ತೂಕ. ಬಕ್ರೀದ್ ಹಬ್ಬ ಚಂದ್ರಮಾನದ ಲೆಕ್ಕದಲ್ಲಿ ವರ್ಷವರ್ಷ ಹಿಂದೆ ಸರಿಯುತ್ತ 2023ರಿಂದ ಬೇಸಿಗೆಯ ಕೊನೆಗೇ ಬೀಳುತ್ತಿದೆ, ಮುಂದಿನ ಕೆಲವು ವರ್ಷ ಬಿಸಿಲಿನ ನಡುವೆಯೇ ಬರುತ್ತದೆ. ವರ್ಷದ ದೊಡ್ಡ ವ್ಯಾಪಾರ ಅದೇ ದಿನಗಳಲ್ಲಿ. ಲಾರಿಗೆ ಹೇರುವುದನ್ನು ಸಂಜೆ ಆರರ ಮೇಲೆ ಇಟ್ಟುಕೊಂಡು, ಹೇರುವ ಮುಂಚೆ ನೀರು ಕುಡಿಸಿ, ಬೆಳಗಾಗುವುದರೊಳಗೆ ಊರು ಮುಟ್ಟುವ ವ್ಯಾಪಾರಿ ಈ ಐದು ಹೋತವನ್ನು ಉಳಿಸಿಕೊಳ್ಳುತ್ತಾನೆ. ಹಗಲು ಲಾರಿ ನಿಲ್ಲಿಸಿ ಊಟಕ್ಕೆ ಹೋಗಲೇಬಾರದು. ಓಡುವ ಲಾರಿಯಲ್ಲಿ ಗಾಳಿಯಾದರೂ ಇರುತ್ತದೆ, ನಿಂತ ಲಾರಿ ಅದೇ ತಗಡಿನ ಕೊಟ್ಟಿಗೆ.

ಸಂತೆಯ ಸುಂಕ ಎತ್ತುವ ಪಂಚಾಯ್ತಿ, ಮಾರುಕಟ್ಟೆ ಸಮಿತಿಗಳು ಯಾವ ರಾಜ್ಯದವೇ ಆಗಿರಲಿ, ನೆರಳಿನ ಚಪ್ಪರ, ನೀರಿನ ತೊಟ್ಟಿ ಕೇಳುವುದರಲ್ಲಿ ಸಂಕೋಚ ಬೇಡ. ಅರ್ಜಿಯನ್ನು ಆಯಾ ರಾಜ್ಯದ ಭಾಷೆಯಲ್ಲಿ ಬರೆಯಬೇಕಾಗುತ್ತದೆ ಅಷ್ಟೇ. ಅದು ನಮ್ಮವರಿಗೆ ಕಷ್ಟವಲ್ಲ.

ಮಡಕಶಿರಾದ ಪಕ್ಕದಲ್ಲೇ ಪಾವಗಡದ ಸೋಲಾರ್ ಪಾರ್ಕ್ ಇದೆ, ಸುಮಾರು 13 ಸಾವಿರ ಎಕರೆ. ಆ ಫಲಕಗಳ ನೆರಳಲ್ಲಿ ಆಡು ಮೇಯಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹೊರದೇಶಗಳಲ್ಲಿ ಫಲಕಗಳಡಿ ಹುಲ್ಲು ಮೇಯಲು ಬಿಡುವುದು ಕುರಿಗಳನ್ನು. ಆಡು ಫಲಕದ ಮೇಲೆ ಹತ್ತುತ್ತದೆ, ವೈರು ಕಡಿಯುತ್ತದೆ. ಅಲ್ಲಿ ಆಡಿಗೆ ಪ್ರವೇಶ ಸಿಗುವುದು ಅನುಮಾನ.

ಹಾಗಾಗಿ ಕೊನೆಗೆ ಮರವೇ ಗತಿ. ಎಲೆಗಳು ತಾವೂ ನೀರನ್ನು ಆವಿ ಮಾಡುವುದರಿಂದ ತಗಡಿನ ಹಾಗೆ ಕಾಯುವುದಿಲ್ಲ. ಬೇಗ ನೆರಳು ಬೇಕಾದವರು ಬೇವು, ಹೊಂಗೆ ಹಾಕಬಹುದು. ಎರಡೂ ಬೇಸಿಗೆಯ ಹೊತ್ತಿಗೆ ಹೊಸ ಎಲೆ ತುಂಬಿಕೊಳ್ಳುತ್ತವೆ. ಹೊಂಗೆ ಎಂದರೆ ಆಡಿಗೆ ಅಷ್ಟು ರುಚಿಯಿಲ್ಲ, ಆದ್ದರಿಂದ ಅದರ ನೆರಳು ದೋಟಿಯಿಂದಲೂ ಬಾಯಿಯಿಂದಲೂ ಬಚಾವು. ಬನ್ನಿ ನಿಧಾನಿ, ಹಾಕಿದವನಿಗಿಂತ ಅವನ ಮಗನಿಗೆ ಹೆಚ್ಚು ಉಪಯೋಗ. ಆದರೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಬನ್ನಿ ಸಸಿ ಕಂಡರೆ ಅದರ ಮೇಲೆ ನೇಗಿಲು ಹಾಯಿಸದೆ ಬಿಡಿ, ಅದರ ಬೇರು ಆಗಲೇ ನಿಮ್ಮ ಬೋರ್‌ವೆಲ್ಲಿನ ದಾರಿ ಹಿಡಿದಿರುತ್ತದೆ. ಯಾವ ಸಸಿಯೇ ಆಗಲಿ, ಮೊದಲ ಮೂರ್ನಾಲ್ಕು ವರ್ಷ ಸುತ್ತ ಜಾಲಿಮುಳ್ಳಿನ ಬೇಲಿ ಗಟ್ಟಿಯಾಗಿರಬೇಕು. ಯಾರ ಕಾಟಕ್ಕೆ ಎಂದು ಆಡು ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ.